ನ್ಯಾಯಾಧೀಶರ ಘನತೆ ಮತ್ತು ಕಾನೂನಿನ ಕಾವಲು: ಮಂಡ್ಯ, ಮೈಸೂರು ಸೀಮೆಯ ಕಕ್ಷಿದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ನ್ಯಾಯಾಲಯಗಳಲ್ಲಿ ಬಹಳ ವರ್ಷಗಳಿಂದ ವಕೀಲಿ ಮಾಡುತ್ತ, ಆಗಾಗ ಮೈಸೂರಿನ ಮಳಲವಾಡಿ ನ್ಯಾಯಾಲಯ ಸಂಕೀರ್ಣಕ್ಕೂ ಹೋಗಿಬರುವ ನನಗೆ, ವಾಯಿದೆ ಮುಗಿಸಿ ಹೊರಗೆ ಬಂದ ಕಕ್ಷಿದಾರರು ಕೇಳುವ ಪ್ರಶ್ನೆಗಳಲ್ಲಿ ಹಲವು ಅವರ ದಾವೆಗೆ ಸಂಬಂಧಿಸಿದವೇ ಆಗಿರುವುದಿಲ್ಲ. ತೀರ್ಪು ತಪ್ಪೆಂದು ಹೇಳಿದರೆ ಜೈಲಿಗೆ ಹಾಕುತ್ತಾರೆಯೇ, ನ್ಯಾಯಾಧೀಶರ ಮೇಲೆ ದೂರು ಕೊಟ್ಟರೆ ಕೇಸು ಕೆಡುತ್ತದೆಯೇ, ಮೊಬೈಲಿನಲ್ಲಿ ಬಂದ ವಿಡಿಯೊ ಮುಂದಕ್ಕೆ ಕಳಿಸಿದ್ದು ತಪ್ಪಾಯಿತೇ ಎಂಬ ಈ ಬಗೆಯ ಪ್ರಶ್ನೆಗಳಿಗೆ ಚಹಾದಂಗಡಿಯಲ್ಲಿ ನಿಂತು ಕೊಟ್ಟ ಉತ್ತರಗಳನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ. ನ್ಯಾಯಾಲಯಕ್ಕೆ ಹೆದರಿ ಸಕಾರಣದ ದೂರನ್ನೂ ನುಂಗಿಕೊಳ್ಳುವವರನ್ನು ಮತ್ತು ಯಾವ ಹೆದರಿಕೆಯೂ ಇಲ್ಲದೆ ಬಾಯಿಗೆ ಬಂದದ್ದನ್ನು ಬರೆದು ಹಂಚುವವರನ್ನು ನಾನು ಸರಿಸುಮಾರು ಒಂದೇ ಸಂಖ್ಯೆಯಲ್ಲಿ ಕಂಡಿದ್ದೇನೆ. ಕಾನೂನು ಗೆರೆ ಎಳೆದಿರುವುದು ಎಲ್ಲಿ ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ.

ನ್ಯಾಯಾಧೀಶರನ್ನು ಟೀಕಿಸುವುದೇ ಅಪರಾಧವೇ?

ಖಂಡಿತ ಅಲ್ಲ. ಸಂವಿಧಾನದ 19ನೇ ವಿಧಿ ವಾಕ್ ಸ್ವಾತಂತ್ರ್ಯವನ್ನು ಕೊಟ್ಟು, ಅದೇ ವಿಧಿಯ ಎರಡನೇ ಖಂಡದಲ್ಲಿ ಅದಕ್ಕೆ ಹೇರಬಹುದಾದ ಸಮಂಜಸ ನಿರ್ಬಂಧಗಳ ಪೈಕಿ ನ್ಯಾಯಾಲಯ ನಿಂದನೆಯನ್ನೂ ಸೇರಿಸಿದೆ. ನಿಂದನೆ ಎಂದರೇನು ಎಂಬುದನ್ನು 1971ರ ನ್ಯಾಯಾಲಯ ನಿಂದನೆ ಅಧಿನಿಯಮ ಹೇಳುತ್ತದೆ. ಅದರ 2ನೇ ಕಲಮಿನ ಪ್ರಕಾರ, ನ್ಯಾಯಾಲಯವನ್ನು ಜನರ ಕಣ್ಣಿನಲ್ಲಿ ಹೀನಾಯ ಮಾಡುವ ಅಥವಾ ಅದರ ಅಧಿಕಾರವನ್ನು ಕುಗ್ಗಿಸುವ, ನಡೆಯುತ್ತಿರುವ ವಿಚಾರಣೆಯ ದಾರಿ ತಪ್ಪಿಸುವ, ಅಥವಾ ಬೇರೆ ಯಾವುದೇ ರೀತಿಯಲ್ಲಿ ನ್ಯಾಯದಾನಕ್ಕೆ ಅಡ್ಡಿ ಮಾಡುವ ಮಾತು, ಬರಹ, ಚಿತ್ರ ಅಥವಾ ಕೃತ್ಯ ಕ್ರಿಮಿನಲ್ ನಿಂದನೆಯಾಗುತ್ತದೆ. ಅದೇ ಕಾಯ್ದೆಯ 5ನೇ ಕಲಂ, ವಿಚಾರಣೆಯಾಗಿ ಅಂತಿಮವಾಗಿ ಇತ್ಯರ್ಥವಾದ ಪ್ರಕರಣದ ಗುಣಾವಗುಣಗಳ ಬಗ್ಗೆ ಮಾಡುವ ನ್ಯಾಯಯುತ ಟೀಕೆ ನಿಂದನೆಯಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಅದಕ್ಕೂ ಮುಂದೆ ಹೋಗಿ 13ನೇ ಕಲಂ, ನ್ಯಾಯದಾನದಲ್ಲಿ ಗಣನೀಯವಾಗಿ ಹಸ್ತಕ್ಷೇಪ ಮಾಡುವಂಥ ನಿಂದನೆಗಲ್ಲದೆ ಶಿಕ್ಷೆ ವಿಧಿಸಕೂಡದು ಎನ್ನುತ್ತದೆ. ಬಾಗಿಲು ಕಾಯುವ ಈ ಎರಡು ಕಲಮುಗಳ ಬಗ್ಗೆ ಕಕ್ಷಿದಾರರಿಗೆ ಯಾರೂ ಹೇಳುವುದಿಲ್ಲ. ಹಾಗಾಗಿಯೇ ‘ಕಂಟೆಂಪ್ಟ್’ ಎಂಬ ಪದ ಕೇಳಿದರೆ ಸಾಕು, ಜನ ಬೆವರುತ್ತಾರೆ.

ಕಾವೇರಿ ತೀರ್ಪನ್ನು ಸಂಜಯ ವೃತ್ತದಲ್ಲಿ ನಿಂತು ಖಂಡಿಸಿದರೆ ನಿಂದನೆಯಾಗುತ್ತದೆಯೇ?

ಮಂಡ್ಯದಲ್ಲಿ ಇದಕ್ಕಿಂತ ಹೆಚ್ಚು ಸಲ ಕೇಳಿಬರುವ ಪ್ರಶ್ನೆ ಇಲ್ಲ. 2016ರ ಸೆಪ್ಟೆಂಬರ್ 5ರಂದು ಹತ್ತು ದಿನಗಳ ಕಾಲ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದಾಗ, 2023ರ ಸೆಪ್ಟೆಂಬರ್ 21ರಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ 5,000 ಕ್ಯೂಸೆಕ್ ಆದೇಶದಲ್ಲಿ ಕೈ ಹಾಕಲು ಅದೇ ನ್ಯಾಯಾಲಯ ಒಪ್ಪದಿದ್ದಾಗ, ಈ ಊರಿನ ರಸ್ತೆಗಳಲ್ಲಿ ಏನೇನು ಘೋಷಣೆಗಳು ಮೊಳಗಿದವು ಎಂಬುದು ನಮಗೆಲ್ಲ ನೆನಪಿದೆ. ಆ ಘೋಷಣೆಗಳನ್ನು ಎರಡು ಪಾಲು ಮಾಡಿ ನೋಡಬೇಕು.

ಕನ್ನಂಬಾಡಿ ಕಟ್ಟೆಯಲ್ಲಿ ನೀರೇ ಇಲ್ಲದಿರುವಾಗ ಈ ಆದೇಶ ಹೇಗೆ ಬಂತು, ಸಂಕಷ್ಟದ ವರ್ಷದ ಹಂಚಿಕೆಗೆ ಸೂತ್ರವೆಲ್ಲಿ, ನಾಲೆಯ ಕೊನೆಯ ಭಾಗದ ಕಬ್ಬು ಒಣಗುವುದನ್ನು ಯಾರು ಲೆಕ್ಕಕ್ಕೆ ತೆಗೆದುಕೊಂಡರು, ಈ ಆದೇಶ ನಮ್ಮ ರೈತರಿಗೆ ಮರಣಶಾಸನ ಎಂಬ ಮಾತುಗಳೆಲ್ಲ ಎಷ್ಟೇ ಕಟುವಾಗಿರಲಿ, ಎಷ್ಟೇ ಗಟ್ಟಿ ದನಿಯಲ್ಲಿರಲಿ, ಆದೇಶದ ಮೇಲಿನ ಟೀಕೆಗಳು. 2018ರ ಫೆಬ್ರುವರಿ 16ರ ಅಂತಿಮ ತೀರ್ಪು ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿ 284.75 ಟಿಎಂಸಿಗೆ ಏರಿಸಿದಾಗ ಅತ್ತಕಡೆಯ ತಮಿಳುನಾಡಿನ ರೈತ ಮುಖಂಡರೂ ತೀರ್ಪನ್ನು ಇಷ್ಟೇ ಕಟುವಾಗಿ ಟೀಕಿಸಲು ಹಕ್ಕುಳ್ಳವರಾಗಿದ್ದರು. ಆದರೆ ‘ಆ ನ್ಯಾಯಮೂರ್ತಿಗಳು ಇಂಥವರಿಂದ ಹಣ ಪಡೆದು ಬರೆದರು’ ಎಂದೋ, ‘ಅವರ ಜಾತಿ ಇಂಥದ್ದು, ಅದಕ್ಕೇ ಹೀಗೆ’ ಎಂದೋ ಆಧಾರವಿಲ್ಲದೆ ಹೇಳಿದಾಗ ಮಾತು ತೀರ್ಪನ್ನು ಬಿಟ್ಟು ತೀರ್ಪುಗಾರರ ಪ್ರಾಮಾಣಿಕತೆಯ ಮೇಲೆ ಬೀಳುತ್ತದೆ. ಗೆರೆ ದಾಟುವುದು ಅಲ್ಲಿ.

ಹಾಗೆ ದಾಟಿದವರ ಮೇಲೆಲ್ಲ ನ್ಯಾಯಾಲಯ ಕ್ರಮಕ್ಕೆ ಮುಂದಾಗುವುದೂ ಇಲ್ಲ. ಕೇಂದ್ರ ಸಚಿವರಾಗಿದ್ದ ಪಿ. ಶಿವಶಂಕರ್ 1987ರಲ್ಲಿ ಹೈದರಾಬಾದಿನಲ್ಲಿ ಭಾಷಣ ಮಾಡುತ್ತ, ವಿದೇಶಿ ವಿನಿಮಯ ಕಾಯ್ದೆ ಮುರಿದವರು, ಸೊಸೆಯಂದಿರನ್ನು ಸುಟ್ಟವರಂಥ ಸಮಾಜಘಾತುಕರಿಗೆ ಸುಪ್ರೀಂ ಕೋರ್ಟ್ ಆಶ್ರಯತಾಣವಾಗಿದೆ ಎಂಬರ್ಥದಲ್ಲಿ ಮಾತನಾಡಿದ್ದರು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ನಿಂದನೆಯೆಂದು ಪರಿಗಣಿಸಲು ನಿರಾಕರಿಸಿತು. ಅದಕ್ಕೆ ವ್ಯತಿರಿಕ್ತವಾಗಿ, ನ್ಯಾಯಾಧೀಶರು ವರ್ಗದ್ವೇಷದಿಂದ ನಡೆದುಕೊಳ್ಳುತ್ತಾರೆಂದು 1967ರಲ್ಲಿ ಹೇಳಿದ ಕೇರಳದ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರನ್ನು ತಪ್ಪಿತಸ್ಥರೆಂದು 1970ರಲ್ಲಿ ಎತ್ತಿಹಿಡಿಯಲಾಯಿತು. ಹೈಕೋರ್ಟ್ ಹಾಕಿದ್ದ 1,000 ರೂಪಾಯಿ ದಂಡ ಮಾತ್ರ 50 ರೂಪಾಯಿಗೆ ಇಳಿಯಿತು. ಇವೆರಡನ್ನೂ ಅಕ್ಕಪಕ್ಕ ಇಟ್ಟು ಓದಿದವರಿಗೆ ಗೆರೆ ಯಾವಾಗಲೂ ನೇರವಾಗಿಲ್ಲ ಎನ್ನಿಸಿದರೆ ಅದು ಅವರ ತಪ್ಪಲ್ಲ. ನನಗೂ ಹಾಗೆಯೇ ಅನ್ನಿಸಿದೆ.

ನ್ಯಾಯಾಲಯದ ಆದೇಶವನ್ನು ಪಾಲಿಸದಿರುವುದೂ ಇದೇ ಅಪರಾಧವೇ?

ಹೆಸರು ಒಂದೇ, ಬಗೆ ಬೇರೆ. ಆದೇಶ, ಡಿಕ್ರಿ ಅಥವಾ ನ್ಯಾಯಾಲಯಕ್ಕೆ ಕೊಟ್ಟ ಮುಚ್ಚಳಿಕೆಯನ್ನು ಉದ್ದೇಶಪೂರ್ವಕವಾಗಿ ಮುರಿಯುವುದು ಸಿವಿಲ್ ನಿಂದನೆ. ನ್ಯಾಯಾಧೀಶರ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡದೆ, ಕೈಮುಗಿದುಕೊಂಡೇ ಇದನ್ನು ಮಾಡಬಹುದು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರಾದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2002ರಲ್ಲಿ ನೀರು ಬಿಡುಗಡೆಯ ಆದೇಶ ಪಾಲಿಸಲಿಲ್ಲವೆಂದು ತಮಿಳುನಾಡು ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದು ಈ ಬಗೆಯ ಅರ್ಜಿಯನ್ನೇ. ಇಂಜಂಕ್ಷನ್ ಇರುವಾಗಲೇ ಜಮೀನಿಗೆ ಟ್ರ್ಯಾಕ್ಟರ್ ಇಳಿಸಿದವರ ಕಥೆ ಬೇರೆಯೇ ಇದೆ. ಅವರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿಯೇ ಪ್ರತ್ಯೇಕ ಶಿಕ್ಷೆಯುಂಟು. ಈ ಬರಹದ ವಿಷಯ ಅದಲ್ಲವಾದ್ದರಿಂದ ಇಲ್ಲಿಗೆ ಬಿಡುತ್ತೇನೆ.

ತಾಲ್ಲೂಕು ನ್ಯಾಯಾಲಯದೊಳಗೇ ಕೂಗಾಡಿದರೆ ಏನಾಗುತ್ತದೆ?

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ಅಣ್ಣತಮ್ಮಂದಿರ ಪಾಲು ದಾವೆ ನಡೆಯುತ್ತಿತ್ತು. ವಾಯಿದೆ ಮತ್ತೊಮ್ಮೆ ಮುಂದಕ್ಕೆ ಹೋಯಿತೆಂದು ತಿಳಿದ ಕೂಡಲೇ ಹಿಂದಿನ ಬೆಂಚಿನಲ್ಲಿದ್ದ ಮಧ್ಯವಯಸ್ಸಿನ ರೈತರೊಬ್ಬರು ಎದ್ದು, ಎದುರು ಪಕ್ಷದವರಿಂದ ಎಷ್ಟು ತಿಂದಿದ್ದೀರಿ ಎಂದು ಪೀಠದತ್ತ ಕೈಮಾಡಿ ಕೂಗಿದರು. ಇಡೀ ಹಾಲ್ ಸ್ತಬ್ಧವಾಯಿತು. ಫ್ಯಾನಿನ ಕಿರುಗುಟ್ಟುವ ಸದ್ದು ಮಾತ್ರ ಕೇಳುತ್ತಿತ್ತು. ನ್ಯಾಯಾಧೀಶರು ದನಿ ಏರಿಸಲಿಲ್ಲ. ಡಫೇದಾರನಿಗೆ ಅವರನ್ನು ಹೊರಗೆ ಬಿಡಬೇಡ ಎಂದು ಹೇಳಿ, ಶೀಘ್ರಲಿಪಿಗಾರರಿಗೆ ಆ ಮಾತನ್ನು ಇದ್ದಂತೆಯೇ, ಅವರಾಡಿದ ನುಡಿಯಲ್ಲಿಯೇ, ಹೇಳಿ ಬರೆಸಿದರು; ಆಗ ಯಾವ ದಾವೆ ಯಾವ ಹಂತದಲ್ಲಿತ್ತು ಎಂಬುದನ್ನೂ ಬರೆಸಿದರು. ಅನಂತರ ಆ ರೈತರನ್ನು ಮುಂದಕ್ಕೆ ಕರೆದು, ಬರೆದದ್ದನ್ನು ಓದಿ ಹೇಳಿ, ನಿಮ್ಮ ಸಮಜಾಯಿಷಿ ಏನು ಎಂದು ಕೇಳಿದರು. ತಮ್ಮದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಆ ಮನುಷ್ಯ ಕುಗ್ಗಿಹೋದರು. ‘ತಪ್ಪಾಯ್ತು ಬುದ್ಧಿ, ಹನ್ನೊಂದು ವರ್ಷದಿಂದ ಅಲೀತಿವ್ನಿ, ಬಾಯ್ ತಪ್ತು’ ಎಂದರು. ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ, ಕ್ಷಮಾಪಣೆ ಬರೆಸಿಕೊಂಡು ಕಳುಹಿಸಿದರು. ಹನ್ನೊಂದು ವರ್ಷದ ಮಾತೂ ಆ ದಿನದ ಆರ್ಡರ್ ಶೀಟಿನಲ್ಲಿ ದಾಖಲಾಗಿತ್ತು ಎಂಬುದು ನನಗೆ ತಿಳಿದದ್ದು ನಕಲು ಪಡೆದ ಮೇಲೆ.

ಆ ನ್ಯಾಯಾಧೀಶರು ಮಾಡಿದ್ದೆಲ್ಲವೂ ಕಾನೂನು ಹೇಳಿದ ಕ್ರಮವೇ. ಆಗಿನ ಭಾರತೀಯ ದಂಡ ಸಂಹಿತೆಯ 228ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 267ನೇ ಕಲಮಾಗಿದೆ. ನ್ಯಾಯಿಕ ವಿಚಾರಣೆ ನಡೆಸುತ್ತಿರುವ ಸರ್ಕಾರಿ ಅಧಿಕಾರಿಯನ್ನು ಉದ್ದೇಶಪೂರ್ವಕವಾಗಿ ಅವಮಾನಿಸಿದರೆ ಅಥವಾ ಅವರ ಕೆಲಸಕ್ಕೆ ತಡೆ ಒಡ್ಡಿದರೆ ಆರು ತಿಂಗಳವರೆಗೆ ಸಾದಾ ಸಜೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಂಥ ಅಪರಾಧ ನ್ಯಾಯಾಲಯದ ಕಣ್ಣೆದುರಿಗೇ ನಡೆದಾಗ, ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 384ನೇ ಕಲಮಿನ ಪ್ರಕಾರ ಅದೇ ದಿನ ನ್ಯಾಯಾಲಯ ಏಳುವುದರೊಳಗೆ, ಸಮಜಾಯಿಷಿಗೆ ಅವಕಾಶ ಕೊಟ್ಟು, 1,000 ರೂಪಾಯಿವರೆಗೆ ದಂಡ ಹಾಕಬಹುದು. ಹಳೆಯ ಸಂಹಿತೆಯಲ್ಲಿ ಈ ಮೊತ್ತ 200 ರೂಪಾಯಿ ಇತ್ತು. ಅದಕ್ಕಿಂತ ಹೆಚ್ಚಿನ ಶಿಕ್ಷೆ ಬೇಕೆನಿಸಿದರೆ ನ್ಯಾಯಾಧೀಶರು ತಾವೇ ವಿಚಾರಣೆ ಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಕ್ಷಮೆ ಕೇಳಿದರೆ ಬಿಟ್ಟುಬಿಡುವ ವಿವೇಚನೆಯನ್ನೂ 387ನೇ ಕಲಂ ಕೊಡುತ್ತದೆ.

ಇನ್ನೊಂದು ಮಾತು: 384ನೇ ಕಲಂ ಕಂದಾಯ ನ್ಯಾಯಾಲಯಗಳನ್ನೂ ಒಳಗೊಂಡಿದೆ. ಖಾತೆ ತಕರಾರಿನ ವಿಚಾರಣೆಯಲ್ಲಿ ಉಪವಿಭಾಗಾಧಿಕಾರಿಗಳ ಎದುರು ಮೇಜು ಗುದ್ದುವವರು ಇದನ್ನು ನೆನಪಿಡುವುದು ಒಳ್ಳೆಯದು.

ಕೈ ಮಾಡಿದರೆ ಅಥವಾ ವಸ್ತು ಎಸೆದರೆ?

ಆಗ ವಿಷಯ ಅವಮಾನದಲ್ಲಿ ನಿಲ್ಲುವುದಿಲ್ಲ. ಕರ್ತವ್ಯದಲ್ಲಿರುವ ಅಧಿಕಾರಿಯ ಮೇಲೆ ಹಲ್ಲೆ ಮಾಡುವುದಕ್ಕೆ ನ್ಯಾಯ ಸಂಹಿತೆಯ 132ನೇ ಕಲಮಿನಂತೆ ಬೇರೆಯೇ ಮೊಕದ್ದಮೆಯಾಗುತ್ತದೆ. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ಸಮ್ಮುಖದಲ್ಲಿ ನಡೆದರೆ 1971ರ ಕಾಯ್ದೆಯ 14ನೇ ಕಲಮಿನಂತೆ ಸ್ಥಳದಲ್ಲಿಯೇ ವಶಕ್ಕೆ ಪಡೆಯಬಹುದು. ಅಧಿಕಾರವಿದೆ ಎಂದ ಮಾತ್ರಕ್ಕೆ ಅದನ್ನು ಬಳಸಲೇಬೇಕೆಂದಿಲ್ಲ. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನೊಳಗೇ ವಕೀಲರೊಬ್ಬರು ಅಂದಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರತ್ತ ಶೂ ಎಸೆಯಲು ಯತ್ನಿಸಿದಾಗ, ಗವಾಯಿಯವರು ಅದರಿಂದ ವಿಚಲಿತರಾಗದೆ ಕಲಾಪವನ್ನು ಮುಂದುವರಿಸಿದರು.

ನಮ್ಮ ಸಿವಿಲ್ ನ್ಯಾಯಾಧೀಶರು ತಾವೇ ನನ್ನ ಮೇಲೆ ನಿಂದನೆ ಪ್ರಕರಣ ನಡೆಸಿ ಶಿಕ್ಷೆ ಕೊಡಬಹುದೇ?

ಮೇಲೆ ಹೇಳಿದ ಕಣ್ಣೆದುರಿನ ಅವಮಾನವನ್ನು ಬಿಟ್ಟರೆ, ಇಲ್ಲ. ನಿಂದನೆಗಾಗಿ ಶಿಕ್ಷಿಸುವ ಅಧಿಕಾರ ಸಂವಿಧಾನದ 129ನೇ ವಿಧಿಯಂತೆ ಸುಪ್ರೀಂ ಕೋರ್ಟಿಗೂ 215ನೇ ವಿಧಿಯಂತೆ ಹೈಕೋರ್ಟಿಗೂ ಸೇರಿದೆ. ಶ್ರೀರಂಗಪಟ್ಟಣದಲ್ಲೋ ನಾಗಮಂಗಲದಲ್ಲೋ ಕುಳಿತ ನ್ಯಾಯಾಧೀಶರ ಬಗ್ಗೆ ಹೊರಗೆ ಕರಪತ್ರ ಹಂಚಿದರೆ, ಅಧೀನ ನ್ಯಾಯಾಲಯಗಳನ್ನು ರಕ್ಷಿಸಲು 1971ರ ಕಾಯ್ದೆಯ 10ನೇ ಕಲಮಿನಂತೆ ಕ್ರಮ ಕೈಗೊಳ್ಳಬೇಕಾದದ್ದು ಬೆಂಗಳೂರಿನ ಹೈಕೋರ್ಟು. ಅದಕ್ಕಾಗಿ ಕೆಳ ನ್ಯಾಯಾಲಯವು ಉಲ್ಲೇಖ ಕಳುಹಿಸಬೇಕು, ಇಲ್ಲವೇ ಅಡ್ವೊಕೇಟ್ ಜನರಲ್ ಮನವಿ ಮಾಡಬೇಕು. ಕ್ರಿಮಿನಲ್ ನಿಂದನೆಯನ್ನು ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಪೀಠವೇ ಕೇಳಬೇಕೆಂದು 18ನೇ ಕಲಂ ಹೇಳುತ್ತದೆ. ಅವಮಾನಕ್ಕೆ ಒಳಗಾದವರೇ ತೀರ್ಪುಗಾರರೂ ಆಗಬಾರದೆಂಬುದು ಈ ಏರ್ಪಾಡಿನ ಹಿಂದಿನ ವಿವೇಕ.

ಹಾಗಂತ ತಾಲ್ಲೂಕಿನ ನ್ಯಾಯಾಧೀಶರಿಗೆ ರಕ್ಷಣೆ ಕಡಿಮೆ ಎಂದು ತಿಳಿಯಬಾರದು. ಆಂಧ್ರದ ಕೊವ್ವೂರಿನ ಸಬ್ ಮ್ಯಾಜಿಸ್ಟ್ರೇಟರು ಲಂಚ ತಿನ್ನುತ್ತಾರೆಂದು ಸಾರಿದ್ದ ಒಂದು ತೆಲುಗು ವಾರಪತ್ರಿಕೆಯ ಪ್ರಕರಣ 1952ರಲ್ಲಿಯೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಇದು ಮಾನನಷ್ಟದ ವಿಷಯ, ನಿಂದನೆಯಲ್ಲ ಎಂಬ ಸಂಪಾದಕರ ವಾದ ನಿಲ್ಲಲಿಲ್ಲ. ನಮ್ಮ ಜಿಲ್ಲೆಯ ಸಣ್ಣ ಪತ್ರಿಕೆಗಳ ಮಿತ್ರರಿಗೆ ನಾನು ಮೊದಲು ಹೇಳುವ ಪ್ರಕರಣ ಇದು. ನಮ್ಮ ಓದುಗರು ಒಂದೆರಡು ಸಾವಿರ ಮಾತ್ರ ಎಂಬ ಸಮಾಧಾನ ಅಲ್ಲಿ ಕೆಲಸಕ್ಕೆ ಬಾರದು.

ನ್ಯಾಯಾಧೀಶರೊಬ್ಬರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ಕಾಂಪೌಂಡ್ ಗೋಡೆಯ ವಿಷಯಕ್ಕೆ ಜಗಳವಾದರೂ ಅದು ನಿಂದನೆಯೇ?

ಅಲ್ಲ. ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆಯಲ್ಲಿರುವ ನ್ಯಾಯಾಧೀಶರು ಗೋಡೆಯ ಜಗಳದಲ್ಲಿ ನಿಮ್ಮ ನೆರೆಯವರಷ್ಟೇ. ವ್ಯಕ್ತಿಯಾಗಿ ಅವರ ಮಾನಕ್ಕೆ ಧಕ್ಕೆ ಬಂದರೆ ನ್ಯಾಯ ಸಂಹಿತೆಯ 356ನೇ ಕಲಮಿನಂತೆ ಮಾನನಷ್ಟದ ದೂರು ಕೊಡುವ ಅವಕಾಶ, ಉಳಿದ ಯಾವ ನಾಗರಿಕರಿಗೂ ಇರುವಂತೆ, ಅವರಿಗೂ ಇದೆ. ನ್ಯಾಯಾಧೀಶರ ಮಾನಕ್ಕೆ ಆದ ಹಾನಿ ಬೇರೆ, ನ್ಯಾಯದಾನಕ್ಕೆ ಆದ ಹಾನಿ ಬೇರೆ ಎಂಬ ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 1953ರಲ್ಲಿ ಬ್ರಹ್ಮಪ್ರಕಾಶ ಶರ್ಮ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಅಲ್ಲಿ ಮುಜಫ್ಫರನಗರದ ವಕೀಲರ ಸಂಘ ಇಬ್ಬರು ಅಧಿಕಾರಿಗಳ ವಿರುದ್ಧ ನಿರ್ಣಯ ಮಾಡಿ ಮೇಲಿನವರಿಗೆ ಕಳುಹಿಸಿತ್ತು, ಊರೆಲ್ಲ ಸಾರಿರಲಿಲ್ಲ. ಮಾತು ಯಾರನ್ನು ಉದ್ದೇಶಿಸಿತ್ತು, ಎಷ್ಟು ಜನರಿಗೆ ತಲುಪಿತು ಎಂಬುದನ್ನು ತೂಗಿ ನೋಡಿದ ನ್ಯಾಯಾಲಯ ವಕೀಲರನ್ನು ಬಿಟ್ಟಿತು.

ನ್ಯಾಯಾಧೀಶರು ಲಂಚ ಕೇಳಿದರೆ ಸುಮ್ಮನಿರಬೇಕೇ?

ಸುಮ್ಮನಿರಬೇಕಾಗಿಲ್ಲ, ಸುಮ್ಮನಿರಲೂ ಬಾರದು. ಈ ಪುಟದಲ್ಲಿ ಒಂದೇ ಉತ್ತರ ಓದಲು ಪುರಸೊತ್ತಿದ್ದರೆ ಇದನ್ನೇ ಓದಿ. ಕೆಳ ನ್ಯಾಯಾಲಯದ ಅಧಿಕಾರಿಯ ಬಗ್ಗೆ ಸದ್ಭಾವನೆಯಿಂದ ಹೈಕೋರ್ಟಿಗೆ ಅಥವಾ ಮೇಲಿನ ಅಧೀನ ನ್ಯಾಯಾಲಯಕ್ಕೆ ಹೇಳಿಕೊಂಡ ಮಾತು ನಿಂದನೆಯಾಗದು ಎಂದು 1971ರ ಕಾಯ್ದೆಯ 6ನೇ ಕಲಂ ಸ್ಪಷ್ಟ ರಕ್ಷಣೆ ಕೊಟ್ಟಿದೆ. ಜಿಲ್ಲಾ ನ್ಯಾಯಾಂಗದ ಮೇಲಿನ ಹತೋಟಿ 235ನೇ ವಿಧಿಯಂತೆ ಹೈಕೋರ್ಟಿನದ್ದಾದ್ದರಿಂದ ಹೈಕೋರ್ಟಿನ ವಿಜಿಲೆನ್ಸ್ ರಿಜಿಸ್ಟ್ರಾರ್ ಅವರಿಗೆ ದೂರು ಕೊಡಬಹುದು. ಆದರೆ ಪ್ರಮಾಣ ಮಾಡಿದ ಅಫಿಡವಿಟ್ ಮತ್ತು ಪರಿಶೀಲಿಸಬಹುದಾದ ಆಧಾರಗಳಿಲ್ಲದ ದೂರನ್ನು ಪರಿಗಣಿಸಬಾರದೆಂಬ ನಿರ್ದೇಶನ 2014ರಿಂದ ಇದೆ. ಸಹಿಯಿಲ್ಲದೆ, ‘ನೊಂದ ಸಾರ್ವಜನಿಕರು’ ಎಂಬ ಹೆಸರಿನಲ್ಲಿ ಕಳುಹಿಸುವ ಮೂಗರ್ಜಿಗಳು ಕಸದ ಬುಟ್ಟಿ ಸೇರುವುದು ಇದರಿಂದಲೇ.

ವಿಚಿತ್ರವೆಂದರೆ, ಅಫಿಡವಿಟ್ ಮಾಡಿ ಕೊಡಿ ಎಂದರೆ ಹಿಂದೆ ಸರಿಯುವ ಜನ ಅದೇ ಆರೋಪವನ್ನು ನೂರಿನ್ನೂರು ಜನರಿರುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಸರು ಸಮೇತ ಬರೆಯಲು ಹಿಂಜರಿಯುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಮೊದಲನೆಯದು ಸುರಕ್ಷಿತ, ಎರಡನೆಯದು ಅಪಾಯ. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಮೇಲಿನ ದೂರಾದರೆ ದಾರಿ ಬೇರೆ. ಅದನ್ನು ಆಯಾ ಮುಖ್ಯ ನ್ಯಾಯಮೂರ್ತಿಗಳಿಗೆ ಸಲ್ಲಿಸಬೇಕು. ಅವರನ್ನು ತೆಗೆದುಹಾಕುವುದು ಸಂಸತ್ತಿಗೆ ಮಾತ್ರ ಸಾಧ್ಯ, ಅದಕ್ಕೂ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ ಇರುವ ಸೂಚನೆ ಮೊದಲು ಬೇಕು.

ನಾನು ಹೇಳಿದ್ದು ನಿಜವೇ ಆಗಿದ್ದರೆ?

2006ಕ್ಕೆ ಮೊದಲು ‘ನಿಜವನ್ನೇ ಹೇಳಿದೆ’ ಎಂಬ ವಾದಕ್ಕೆ ಕಾಯ್ದೆಯಲ್ಲಿ ಜಾಗವಿರಲಿಲ್ಲ. ಆ ವರ್ಷದ ತಿದ್ದುಪಡಿಯಿಂದ, ಹೇಳಿದ್ದರಲ್ಲಿ ಸಾರ್ವಜನಿಕ ಹಿತವಿದ್ದು ಸದುದ್ದೇಶವೂ ಇದ್ದರೆ, ಸತ್ಯವನ್ನು ಸಮರ್ಥನೆಯಾಗಿ ಮುಂದಿಡಲು ನ್ಯಾಯಾಲಯ ಅನುಮತಿ ಕೊಡಬಹುದು. ಕೊಡಬಹುದು ಎಂಬ ಪದವನ್ನು ಗಮನಿಸಬೇಕು. ನಿಜವೆಂದು ತೋರಿಸುವ ಹೊಣೆಯೂ ಹೇಳಿದವರದ್ದೇ ಆಗಿರುವುದರಿಂದ, ಕೈಯಲ್ಲಿ ದಾಖಲೆ ಇಲ್ಲದ ‘ಎಲ್ಲರಿಗೂ ಗೊತ್ತಿರುವ ಸತ್ಯ’ ಇಲ್ಲಿ ನಡೆಯುವುದಿಲ್ಲ.

ಹೈಕೋರ್ಟ್ ಕಲಾಪದ ವಿಡಿಯೊ ತುಣುಕನ್ನು ಮುಂದಕ್ಕೆ ಕಳುಹಿಸಿದರೆ ತಪ್ಪೇ?

ಕರ್ನಾಟಕ ಹೈಕೋರ್ಟಿನ ನೇರ ಪ್ರಸಾರವನ್ನು ಯಾರು ಬೇಕಾದರೂ ನೋಡಬಹುದು. ಆದರೆ ಅದನ್ನು ಅನುಮತಿಯಿಲ್ಲದೆ ರೆಕಾರ್ಡ್ ಮಾಡುವುದು, ಕತ್ತರಿಸುವುದು, ಹಂಚುವುದು ನೇರ ಪ್ರಸಾರದ ನಿಯಮಗಳಲ್ಲಿಯೇ ನಿಷಿದ್ಧ. ಮುರಿದವರು ನಿಂದನೆಯ ಜತೆಗೆ ಕೃತಿಸ್ವಾಮ್ಯ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಗಳಿಗೂ ಗುರಿಯಾಗಬಹುದು. ನ್ಯಾಯಮೂರ್ತಿಗಳು ವಕೀಲರಿಗೆ ಕೇಳಿದ ಒಂದು ಪ್ರಶ್ನೆಯನ್ನು ಮಾತ್ರ ಕತ್ತರಿಸಿ, ಅದಕ್ಕೆ ಸಿನಿಮಾ ಹಿನ್ನೆಲೆ ಸಂಗೀತ ಮತ್ತು ‘ಜಡ್ಜ್ ಸಾಹೇಬರ ಮಾಸ್ ಡೈಲಾಗ್’ ಎಂಬ ಶೀರ್ಷಿಕೆ ಅಂಟಿಸಿದ ತುಣುಕುಗಳು ನನ್ನ ಫೋನಿಗೂ ಬರುತ್ತವೆ. ಹೊಗಳಿಕೆಯೇ ಇದ್ದರೂ ಅದು ನಿಯಮಭಂಗ. ಕೇಳಿದ ಪ್ರಶ್ನೆ ತೀರ್ಪಲ್ಲ ಎಂಬುದಂತೂ ಅಂಥ ತುಣುಕು ನೋಡಿದ ಯಾರಿಗೂ ತಿಳಿಯುವುದಿಲ್ಲ. ತಿಳಿಯದೆ ಹಂಚಿದವರಿಗೆ, ಅಂದರೆ ಒಳಗಿರುವ ವಿಷಯ ನಿಂದನೆಯದ್ದೆಂದು ನಂಬಲು ಕಾರಣವೇ ಇಲ್ಲದವರಿಗೆ, ನಿಂದನೆ ಕಾಯ್ದೆಯ 3ನೇ ಕಲಮಿನಲ್ಲಿ ವಿನಾಯಿತಿಯುಂಟು. ಶೀರ್ಷಿಕೆ ಬರೆದವರಿಗೆ ಅದು ಸಿಗದು.

ವರದಿಗಾರರಿಗೆ ಏನು ರಕ್ಷಣೆ?

ಕಲಾಪದ ಸರಿಯಾದ, ನಿಷ್ಪಕ್ಷಪಾತ ವರದಿ 4ನೇ ಕಲಮಿನಂತೆ ನಿಂದನೆಯಲ್ಲ. ಮುಚ್ಚಿದ ಬಾಗಿಲಿನ ವಿಚಾರಣೆಗಳಿಗೆ ಮಾತ್ರ ಪ್ರತ್ಯೇಕ ಮಿತಿಗಳಿವೆ.

ತೀರ್ಪು ತಪ್ಪಾದರೆ ನ್ಯಾಯಾಧೀಶರ ಮೇಲೆಯೇ ಪರಿಹಾರದ ದಾವೆ ಹಾಕಬಹುದೇ?

ಹಾಕಲಾಗದು. ತಪ್ಪು ತೀರ್ಪಿಗೆ ಮದ್ದು ಮೇಲ್ಮನವಿ. ನ್ಯಾಯಿಕ ಕರ್ತವ್ಯದಲ್ಲಿ ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಸಿವಿಲ್ ದಾವೆ ನಿಲ್ಲದು ಎಂದು 1850ರಷ್ಟು ಹಿಂದಿನ ನ್ಯಾಯಿಕ ಅಧಿಕಾರಿಗಳ ಸಂರಕ್ಷಣಾ ಕಾಯ್ದೆ ಹೇಳುತ್ತದೆ. 1985ರ ನ್ಯಾಯಾಧೀಶರ ಸಂರಕ್ಷಣಾ ಕಾಯ್ದೆ ಆ ಕವಚವನ್ನು ಕ್ರಿಮಿನಲ್ ಮೊಕದ್ದಮೆಗೂ ವಿಸ್ತರಿಸಿದೆ. ಪ್ರತಿ ತೀರ್ಪಿನಲ್ಲೂ ಸೋತವರೊಬ್ಬರು ಇದ್ದೇ ಇರುತ್ತಾರೆ. ಸೋತವರೆಲ್ಲ ದಾವೆ ಹೂಡುವಂತಿದ್ದರೆ ಆ ಕುರ್ಚಿಯಲ್ಲಿ ಕೂರಲು ಯಾರೂ ಸಿಗುತ್ತಿರಲಿಲ್ಲ. ಲಂಚ ಪಡೆದವರಿಗೆ ಈ ಕವಚವಿಲ್ಲ. ಸರ್ಕಾರ ಅಥವಾ ಮೇಲಿನ ನ್ಯಾಯಾಲಯ ಕ್ರಮ ಕೈಗೊಳ್ಳುವುದನ್ನು 1985ರ ಕಾಯ್ದೆ ತಡೆಯುವುದಿಲ್ಲ.

ಪೊಲೀಸರು ನ್ಯಾಯಾಧೀಶರನ್ನು ಬಂಧಿಸಬಹುದೇ?

ಅಪರಾಧ ಮಾಡಿದ್ದರೆ ಬಂಧಿಸಬಹುದು, ಆದರೆ ಒಂದು ಕ್ರಮವಿದೆ. ಆ ಕ್ರಮ ಹುಟ್ಟಿದ್ದು ಗುಜರಾತಿನ ನಡಿಯಾದ್‌ನಲ್ಲಿ. 1989ರ ಸೆಪ್ಟೆಂಬರಿನಲ್ಲಿ ಅಲ್ಲಿನ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರನ್ನು ಪೊಲೀಸರು ಠಾಣೆಗೆ ಕರೆಸಿಕೊಂಡು, ಹೊಡೆದು, ಬಲವಂತವಾಗಿ ಮದ್ಯ ಕುಡಿಸಿ, ಕೈಕೋಳ ತೊಡಿಸಿ, ಹಗ್ಗ ಕಟ್ಟಿ ಆಸ್ಪತ್ರೆಗೆ ಸಾಗಿಸಿದರು. ಅವರ ಫೋಟೊವನ್ನೂ ತೆಗೆಸಿದರು. ಪೊಲೀಸರ ಕಾರ್ಯವೈಖರಿಯ ಬಗ್ಗೆ ಆ ಮ್ಯಾಜಿಸ್ಟ್ರೇಟರು ಕಟ್ಟುನಿಟ್ಟಾಗಿದ್ದುದೇ ಇದಕ್ಕೆ ಕಾರಣ. 1991ರಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಅಧಿಕಾರಿಗಳನ್ನು ನಿಂದನೆಯ ತಪ್ಪಿತಸ್ಥರೆಂದು ತೀರ್ಮಾನಿಸಿ, ಜಿಲ್ಲಾ ನ್ಯಾಯಾಧೀಶರಿಗೆ ಅಥವಾ ಹೈಕೋರ್ಟಿಗೆ ತಿಳಿಸದೆ ನ್ಯಾಯಾಧೀಶರನ್ನು ಬಂಧಿಸಕೂಡದು, ಮೇಲಿನವರ ಆದೇಶವಿಲ್ಲದೆ ಠಾಣೆಗೆ ಒಯ್ಯಕೂಡದು, ಸಾಮಾನ್ಯವಾಗಿ ಕೈಕೋಳ ಹಾಕಕೂಡದು ಎಂದು ವಿಧಿಸಿತು. ಘನತೆಯ ರಕ್ಷಣೆ ಎಂಬ ಮಾತು ಆಡಂಬರದ್ದು ಎನ್ನುವವರಿಗೆ ನಾನು ಈ ಪ್ರಕರಣವನ್ನೇ ಹೇಳುತ್ತೇನೆ. ಮೈಮೇಲೆ ಹಗ್ಗ ಬಿದ್ದ ಮ್ಯಾಜಿಸ್ಟ್ರೇಟರ ಎದುರು ಮರುದಿನ ಆರೋಪಿಯೊಬ್ಬನನ್ನು ತಂದು ನಿಲ್ಲಿಸಿದರೆ, ಪೊಲೀಸರು ಕೇಳಿದ ಕಸ್ಟಡಿಯನ್ನು ಅವರು ಇಲ್ಲವೆನ್ನುವುದು ಹೇಗೆ?

ಶಾಸಕರು ಸದನದಲ್ಲಿ ನ್ಯಾಯಾಧೀಶರನ್ನು ಟೀಕಿಸಬಹುದೇ?

ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟ್ ನ್ಯಾಯಮೂರ್ತಿಗಳ ಕರ್ತವ್ಯ ನಿರ್ವಹಣೆಯ ನಡತೆಯನ್ನು ವಿಧಾನಮಂಡಲದಲ್ಲಿ ಚರ್ಚಿಸಬಾರದೆಂದು 211ನೇ ವಿಧಿ ಹೇಳುತ್ತದೆ. ಸಂಸತ್ತಿಗೆ 121ನೇ ವಿಧಿ ಇದೆ. ಅಲ್ಲಿ ಪದಚ್ಯುತಿಯ ಗೊತ್ತುವಳಿಗೆ ಮಾತ್ರ ವಿನಾಯಿತಿ.

ನ್ಯಾಯಾಂಗದಲ್ಲಿದ್ದವರೇ ನ್ಯಾಯಾಂಗವನ್ನು ಟೀಕಿಸಿದರೆ?

ಇದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಪಾಂಡವಪುರ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರು ಅಧಿಕಾರ ಬಿಡುವ ಹೊತ್ತಿನಲ್ಲಿ ಕೊಟ್ಟ ಸಂದರ್ಶನವೊಂದರಲ್ಲಿ, ಪ್ರತಿ ಹೈಕೋರ್ಟಿನಲ್ಲೂ ನಾಲ್ಕೈದು ನ್ಯಾಯಮೂರ್ತಿಗಳಾದರೂ ಸಂಜೆಯಾದರೆ ವಕೀಲರ ಮನೆಯಲ್ಲೋ ವಿದೇಶಿ ರಾಯಭಾರ ಕಚೇರಿಯಲ್ಲೋ ಔತಣಕೂಟದಲ್ಲಿರುತ್ತಾರೆ ಎಂಬರ್ಥದ ಮಾತನ್ನಾಡಿದರು. ಅವರ ಮೇಲೆ ನಿಂದನೆಯ ಅರ್ಜಿ ಬಾಂಬೆ ಹೈಕೋರ್ಟಿಗೆ ಹೋಯಿತು. ಸುಧಾರಣೆಯ ಕಳಕಳಿಯಿಂದ ಆಡಿದ ಮಾತು ನಿಂದನೆಯಲ್ಲವೆಂದು ಆ ಅರ್ಜಿ ವಜಾ ಆಯಿತು. ಅದೇ ಮಾತನ್ನು ಪಾಂಡವಪುರದ ಬಸ್ ನಿಲ್ದಾಣದಲ್ಲಿ ಸಾಮಾನ್ಯನೊಬ್ಬ ಆಡಿದ್ದರೆ ಅಷ್ಟೇ ಸಲೀಸಾಗಿ ಬಿಡುತ್ತಿದ್ದರೇ ಎಂದು ಕಿರಿಯ ವಕೀಲರು ನನ್ನನ್ನು ಕೇಳಿದ್ದಾರೆ. ಬಿಡಬೇಕಿತ್ತು ಎಂಬುದು ನನ್ನ ಉತ್ತರ.

ಹುದ್ದೆಯಲ್ಲಿರುವವರಿಗೂ ಈ ಕಾಯ್ದೆ ಅನ್ವಯಿಸುತ್ತದೆ. ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಸಿ.ಎಸ್. ಕರ್ಣನ್ ಅವರಿಗೆ 2017ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳ ಸಜೆ ವಿಧಿಸಿತು.

ಶಿಕ್ಷೆ ಎಷ್ಟು? ಕ್ಷಮೆ ಕೇಳಿದರೆ ಮುಗಿಯಿತೇ?

ನಿಂದನೆ ಕಾಯ್ದೆಯ 12ನೇ ಕಲಮಿನಂತೆ ಆರು ತಿಂಗಳವರೆಗೆ ಸಾದಾ ಸಜೆ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನ್ಯಾಯಾಲಯಕ್ಕೆ ತೃಪ್ತಿಯಾಗುವಂತೆ ಕ್ಷಮೆ ಕೇಳಿದರೆ ಶಿಕ್ಷೆಯನ್ನು ಮನ್ನಿಸಬಹುದು. ಪ್ರಾಮಾಣಿಕವಾಗಿದ್ದರೆ ಸಾಕು, ಷರತ್ತು ಸೇರಿಸಿದ್ದಾರೆಂಬ ಒಂದೇ ಕಾರಣಕ್ಕೆ ಕ್ಷಮಾಪಣೆಯನ್ನು ತಳ್ಳಿಹಾಕುವಂತಿಲ್ಲ ಎಂದೂ ಕಾಯ್ದೆ ಹೇಳುತ್ತದೆ. ವಕೀಲ ಪ್ರಶಾಂತ್ ಭೂಷಣ್ ಕ್ಷಮೆ ಕೇಳಲು ಒಪ್ಪದಿದ್ದಾಗ 2020ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅವರಿಗೆ ವಿಧಿಸಿದ ದಂಡ ಒಂದು ರೂಪಾಯಿ. ಆ ಒಂದು ರೂಪಾಯಿಯಿಂದ ನ್ಯಾಯಾಲಯದ ಘನತೆ ಏರಿತೇ ಇಳಿಯಿತೇ ಎಂಬ ಚರ್ಚೆ ನಮ್ಮ ವಕೀಲರ ಸಂಘದ ಕೊಠಡಿಯಲ್ಲಿ ಇನ್ನೂ ಮುಗಿದಿಲ್ಲ.

ಬೇರೆ ದೇಶಗಳಲ್ಲೂ ಹೀಗೆಯೇ ಇದೆಯೇ?

ನ್ಯಾಯಾಲಯವನ್ನು ಹೀನಾಯ ಮಾಡುವುದು ಅಪರಾಧ ಎಂಬ ಕಲ್ಪನೆ ನಮಗೆ ಇಂಗ್ಲೆಂಡಿನಿಂದ ಬಂತು. ಅದರ ಬೇರು 1765ರಲ್ಲಿ ನ್ಯಾಯಮೂರ್ತಿ ವಿಲ್ಮಟ್ ಬರೆದಿಟ್ಟ ಒಂದು ತೀರ್ಪು; ಮೊಕದ್ದಮೆ ಅರ್ಧಕ್ಕೇ ನಿಂತಿದ್ದರಿಂದ ಅದನ್ನು ನ್ಯಾಯಾಲಯದಲ್ಲಿ ಓದಿ ಹೇಳಲೇ ಇಲ್ಲ. ಹೇಳದ ತೀರ್ಪಿನಿಂದ ಹುಟ್ಟಿದ ಆ ಅಪರಾಧವನ್ನು ಇಂಗ್ಲೆಂಡ್ 2013ರಲ್ಲಿ ಕಾನೂನಿನ ಮೂಲಕ ತೆಗೆದುಹಾಕಿತು. ಮೈಸೂರು ಸಂಸ್ಥಾನಕ್ಕೂ ತನ್ನದೇ ನಿಂದನೆ ಕಾಯ್ದೆಯಿತ್ತು. 1952ರ ಕೇಂದ್ರ ಕಾಯ್ದೆ ಬಂದಾಗ ಅದು ರದ್ದಾಯಿತು. ಭಾರತದಲ್ಲಿ ಈ ಅಪರಾಧವನ್ನು ಉಳಿಸಿಕೊಳ್ಳಬೇಕೆಂದೇ ಕಾನೂನು ಆಯೋಗ 2018ರಲ್ಲಿ ತನ್ನ 274ನೇ ವರದಿಯಲ್ಲಿ ಹೇಳಿತು. ಉನ್ನತ ನ್ಯಾಯಾಲಯಗಳಿಗೆ ಈ ಕವಚ ಅಷ್ಟು ಬಿಗಿಯಾಗಿ ಬೇಕಿಲ್ಲ, ಪೊಲೀಸ್ ಕಾವಲೂ ಇಲ್ಲದೆ ಬಸ್ಸಿನಲ್ಲಿ ಓಡಾಡುವ ತಾಲ್ಲೂಕು ನ್ಯಾಯಾಧೀಶರಿಗೆ ಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ದೊಡ್ಡ ಸುದ್ದಿಯಾಗುವ ಪ್ರಕರಣಗಳೆಲ್ಲ ಮೇಲಿನವರವೇ.

ನಿಂದನೆಯ ನೋಟಿಸ್ ಬಂದಿದೆ. ಏನು ಮಾಡಬೇಕು?

ಮೊದಲು ದಿನಾಂಕಗಳನ್ನು ನೋಡಿ. ನಿಂದನೆ ನಡೆಯಿತೆನ್ನಲಾದ ದಿನದಿಂದ ಒಂದು ವರ್ಷ ಕಳೆದ ಮೇಲೆ ಕ್ರಮ ಆರಂಭಿಸುವಂತಿಲ್ಲ ಎಂದು 20ನೇ ಕಲಂ ಹೇಳುತ್ತದೆ. ನೋಟಿಸಿನ ಜತೆ ಬಂದ ಅರ್ಜಿ ಮತ್ತು ಲಗತ್ತುಗಳ ಒಂದು ಹಾಳೆಯನ್ನೂ ಕಳೆದುಕೊಳ್ಳಬೇಡಿ. ವಿವಾದಕ್ಕೆ ಕಾರಣವಾದ ಪೋಸ್ಟನ್ನು ಸಮರ್ಥಿಸಿ ಮತ್ತೊಂದು ಪೋಸ್ಟ್ ಹಾಕಬೇಡಿ. ನಾನು ನೋಡಿದ ಮಟ್ಟಿಗೆ ಎರಡನೆಯ ಪೋಸ್ಟೇ ಹೆಚ್ಚು ಜನರನ್ನು ಸಿಕ್ಕಿಸಿದೆ. ಮಂಡ್ಯ, ಮೈಸೂರು ಎರಡೂ ಜಿಲ್ಲೆಗಳ ಪ್ರಕರಣಗಳು ಹೈಕೋರ್ಟಿನ ಬೆಂಗಳೂರು ಪೀಠಕ್ಕೆ ಸೇರುವುದರಿಂದ ಹೇಳಿದ ದಿನ ಅಲ್ಲಿ ಹಾಜರಿರಬೇಕಾಗುತ್ತದೆ. ವಕೀಲರನ್ನು ಇಟ್ಟುಕೊಳ್ಳಲು ಶಕ್ತಿಯಿಲ್ಲದವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋದರೆ ಉಚಿತ ನೆರವಿಗೆ ದಾರಿ ತೋರಿಸುತ್ತಾರೆ. ಶಿಕ್ಷೆಯಾದರೆ ಮೇಲ್ಮನವಿಯ ಹಕ್ಕಿದೆ: ಏಕಸದಸ್ಯ ಪೀಠದ ಆದೇಶದ ಮೇಲೆ ವಿಭಾಗೀಯ ಪೀಠಕ್ಕೆ 30 ದಿನದೊಳಗೆ, ವಿಭಾಗೀಯ ಪೀಠದ ಆದೇಶದ ಮೇಲೆ ಸುಪ್ರೀಂ ಕೋರ್ಟಿಗೆ 60 ದಿನದೊಳಗೆ. ಕ್ಷಮೆ ಕೇಳುವುದೆಂದು ತೀರ್ಮಾನಿಸಿದ್ದರೆ ಮೊದಲ ದಿನದ ಅಫಿಡವಿಟ್ಟಿನಲ್ಲಿಯೇ ಕೇಳಿ. ಶಿಕ್ಷೆ ಖಚಿತವಾದ ಮೇಲೆ ಕೇಳಿದ ಕ್ಷಮೆಯನ್ನು ಪೀಠ ಬೇರೆಯೇ ಕಣ್ಣಿನಿಂದ ನೋಡುತ್ತದೆ.